ಒಂಬತ್ತು ಬೆರಳಿನ ಜೋಗುಳ

ನಮ್ಮ ಚಿಕ್ಕಪ್ಪನ ಕೆಲಸ ಹಲ್ಲಿನ ಸೆಟ್ಟು ಕಟ್ಟುವುದು. ಮೂವತ್ತೆಂಟು ವರ್ಷದಿಂದ ಅದೇ ಕಿಟಕಿಯ ಪಕ್ಕದ ಮೇಜು, ಅದೇ ಗುಲಾಬಿ ಮೇಣ, ಅದೇ ಪ್ಲಾಸ್ಟರ್ ಧೂಳು. ನಾನು ಅವರ ಅಣ್ಣನ ಮಗಳು. ಹದಿನೇಳು ವರ್ಷದಿಂದ ಎದುರಿನ ಮೇಜಿನಲ್ಲಿ ಕೂತು ನಾನೂ ಹಲ್ಲು ಕಟ್ಟುತ್ತಿದ್ದೇನೆ. ಹಾಗಾಗಿ ಅವರ ವಿಷಯ ಮಾತಾಡುವ ಹಕ್ಕು ಚಿಕ್ಕಮ್ಮನನ್ನು ಬಿಟ್ಟರೆ ನನಗೇ ಹೆಚ್ಚು. ಮನುಷ್ಯ ಬಂಗಾರದಂಥವರು, ಆದರೆ ಮಹಾ ಹಟಮಾರಿ.

ಅವರ ಮನೆಯ ಮುಂದಿನ ಕೋಣೆಯಲ್ಲಿ ಮುಚ್ಚಿಹೋದ ಶಾಲೆಯೊಂದರಿಂದ ತಂದ ಹಳೆಯ ಪಿಯಾನೊ ಇದೆ. ನಲವತ್ತು ದಾಟಿದ ಮೇಲೆ ಪುಸ್ತಕ ನೋಡಿಕೊಂಡು, ಗುರುವಿಲ್ಲದೆ ಕಲಿತರು. ಭಾನುವಾರ ಬೆಳಿಗ್ಗೆ ಏಳಕ್ಕೆ ಮೇಲಿನ ಕಪಾಟಿಗೆ ಫೋನ್ ಕಟ್ಟಿ, ಒಂದು ರಚನೆ ನುಡಿಸಿ, ತಮ್ಮ ಗುಂಪಿಗೆ ಕಳಿಸುತ್ತಾರೆ. ಮೂವತ್ತು ಚಿಲ್ಲರೆ ಜನರ ಗುಂಪದು. ಎಲ್ಲರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಪಿಯಾನೊ ಬರೀ ಹುಚ್ಚು. ವಿಡಿಯೋದಲ್ಲಿ ಕೈ ಮಾತ್ರ ಕಾಣಬೇಕು ಎಂಬುದು ಅವರ ಕಟ್ಟಳೆ. ಹೆಸರೂ ಇಲ್ಲ, ಮುಖವೂ ಇಲ್ಲ. ವರ್ಷಗಟ್ಟಲೆ ನೋಡಿ ನೋಡಿ ಒಬ್ಬರ ಕೈ ಇನ್ನೊಬ್ಬರಿಗೆ ಬಾಯಿಪಾಠವಾಗಿದೆ. ಚಿಕ್ಕಪ್ಪನನ್ನು ಅಲ್ಲಿ ‘ಹಲ್ಲು’ ಎನ್ನುತ್ತಾರೆ.

‘ಡಿಪೋ’ ಎಂಬಾಕೆಯೂ ಅಲ್ಲಿದ್ದಾರೆ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಹೆಂಗಸು. ತಣ್ಣಗಿರುವ ಹಳೆಯ ರಚನೆಯನ್ನು ಹಿಡಿದು, ಹತ್ತು ಬೆರಳು ಇಪ್ಪತ್ತಾಗಿ ಕೇಳುವಂತೆ ಅದನ್ನು ಮರಳಿ ಹೆಣೆದು ಬರೆಯುವುದು ಆಕೆಯ ಚಟ. ಅರೇಂಜ್‌ಮೆಂಟ್ ಎನ್ನುತ್ತಾರಲ್ಲ, ಅದು. ಚಿಕ್ಕಪ್ಪನಿಗೆ ಆ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಹನ್ನೊಂದು ವರ್ಷ ಇಬ್ಬರೂ ಕಿತ್ತಾಡಿದರು. ಒಮ್ಮೆ ಡಿಪೋ ಒಂದು ಜೋಗುಳವನ್ನು ಹೀಗೆ ಹೆಣೆದು ನುಡಿಸಿದಾಗ ಚಿಕ್ಕಪ್ಪ ಬರೆದರು: “ಇದು ಜೋಗುಳ ಕಣ್ರೀ. ನಿಮ್ಮದು ಕೇಳಿದ್ರೆ ಮಲಗಿರೋ ಮಗು ಎದ್ದು ಓಡಿಹೋಗುತ್ತೆ.” ಡಿಪೋ ಉತ್ತರ ಹತ್ತು ನಿಮಿಷದಲ್ಲಿ ಬಂತು: “ನಿಮ್ಮದು ಕೇಳಿದ್ರೆ ಮಗು ಜೊತೆ ತಾಯೀನೂ ಮಲಗ್ತಾಳೆ, ಪಕ್ಕದ ಮನೆಯವರೂ ಮಲಗ್ತಾರೆ.”

“ಬರೆದಿಟ್ಟದ್ರಲ್ಲಿ ಒಂದು ಸ್ವರಾನೂ ಮುಟ್ಟಬಾರದು” ಎಂದು ಚಿಕ್ಕಪ್ಪ ಮನೆಯಲ್ಲೂ ಗುಡುಗುತ್ತಿದ್ದರು.

“ಸೆಟ್ಟು ಕಟ್ಟುವಾಗ ನೀವೇ ಬೇಕಂತ ಒಂದು ಹಲ್ಲು ಓರೆ ಇಡ್ತೀರಲ್ಲ, ಅದು?” ಎಂದಳು ಚಿಕ್ಕಮ್ಮ ಒಂದು ದಿನ.

“ನೋಡೋರಿಗೆ ಸ್ವಂತ ಹಲ್ಲು ಅನ್ನಿಸಲಿ ಅಂತ.”

“ಹಾಗಾದ್ರೆ ಆಕೆ ಮಾಡಿದ್ರೆ ಏನು ತಪ್ಪು?”

ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರು.

ಹೋದ ವರ್ಷ ಅವರ ಎಡಗೈಯ ಉಂಗುರ ಬೆರಳು ಬಿಗಿಯತೊಡಗಿತು. ಮೊದಲು ಕಂಡದ್ದು ನನಗೆ. ಯಾರದೋ ಬಾಯಿಯ ಅಚ್ಚಿನಿಂದ ಮಾಡಿದ ಪ್ಲಾಸ್ಟರಿನ ದವಡೆಯನ್ನು ಮೂರೇ ಬೆರಳಲ್ಲಿ ಹಿಡಿದಿದ್ದರು. ಕೀಲು ಸವೆದಿದೆ, ಇನ್ನು ಬಗ್ಗುವುದಿಲ್ಲ ಎಂದರು ಡಾಕ್ಟರು. ಹಲ್ಲು ಕಟ್ಟಲು ಅಡ್ಡಿಯಿಲ್ಲ, ಪಿಯಾನೊ ಮಾತ್ರ ಕಷ್ಟ. ಚಿಕ್ಕಪ್ಪ ಇದನ್ನು ಗುಂಪಿನಲ್ಲಿ ಹೇಳುವ ಬದಲು ಎಡಗೈ ಕಾಣದಂತೆ ಫೋನನ್ನು ಬಲಕ್ಕೆ ಸರಿಸಿ ಕಟ್ಟಿದರು! ಕೈ ನೋಡಿಯೇ ಗುರುತು ಹಿಡಿಯುವ ಜನರ ಮುಂದೆ ಇದೆಂಥ ಜಾಣತನವೋ. ಉಳಿದವರು ಮರ್ಯಾದೆಗೆ ಸುಮ್ಮನಿದ್ದರು. ಡಿಪೋ ಕೇಳಿಯೇಬಿಟ್ಟರು: “ಎಡಗೈ ಎಲ್ಲಿ?”

“ಫೋನ್ ಜಾರಿದೆ” ಎಂದು ಬರೆದರು ಚಿಕ್ಕಪ್ಪ.

ಮುಂದಿನ ವಾರ ಮತ್ತೆ: “ಇನ್ನೂ ಜಾರಿದ್ಯಾ?”

ಮೂರನೆಯ ವಾರ ಚಿಕ್ಕಪ್ಪ ಸೋತರು. ಒಂದು ಬೆರಳು ಹೋಯಿತು, ಇನ್ನು ನಾನು ನುಡಿಸುವುದಿಲ್ಲ ಎಂದು ಬರೆದು ಪಿಯಾನೊ ಮುಚ್ಚಿದರು. ಕೆಲಸದ ಕೋಣೆಯಿಂದ ಪ್ಲಾಸ್ಟರ್ ದವಡೆಗಳನ್ನು ತಂದು ಅದರ ಮೇಲೆ ಸಾಲಾಗಿ ಜೋಡಿಸಿದರು. “ಆ ಬೆರಳಿನ ಸ್ವರ ಬಿಟ್ಟು ನುಡಿಸಿ ಚಿಕ್ಕಪ್ಪ, ಯಾರಿಗೆ ಗೊತ್ತಾಗುತ್ತೆ?” ಎಂದೆ. “ನನಗೆ ಗೊತ್ತಾಗುತ್ತೆ” ಎಂದು ಸಿಡುಕಿದರು. ನನಗೂ ರೇಗಿತು, ಎರಡು ದಿನ ಮಾತು ಬಿಟ್ಟೆ. ಕೆಲಸ ಮಾಡುತ್ತಾ ಗುನುಗುವ ಅಭ್ಯಾಸ ಅವರಿಗಿತ್ತು. ಹದಿನೇಳು ವರ್ಷ ಅದಕ್ಕೆ ಬೈದವಳು ನಾನೇ. ಈಗ ಅದು ನಿಂತುಹೋಗಿ, ಕೋಣೆಯಲ್ಲಿ ಉಜ್ಜುವ ಯಂತ್ರದ ಸದ್ದೊಂದೇ ಉಳಿದಾಗ ನನಗೆ ಅಳು ಬರುವಂತಾಗುತ್ತಿತ್ತು.

ಆರು ವಾರದ ಮೇಲೆ ಡಿಪೋ ಅವರಿಂದ ಫೋನಿಗೆ ಏಳು ಪುಟದ ಫೋಟೊ ಬಂತು, ಕೈಬರಹದ್ದು. ಅದೇ ಜೋಗುಳ. ಮೇಲೆ ಕೆಂಪು ಶಾಯಿಯಲ್ಲಿ, ‘ಎಡಗೈ ಉಂಗುರ ಬೆರಳಿಗೆ ರಜೆ’ ಎಂದಿತ್ತು. ಜೊತೆಗೊಂದು ಚೀಟಿ:

“ಒಂದು ಬಸ್ಸು ಕೆಟ್ಟು ನಿಂತ್ರೆ ನಾವು ಆ ದಾರೀನೇ ಮುಚ್ಚಲ್ಲ, ಮಿಕ್ಕ ಬಸ್ಸುಗಳ ಹೊತ್ತು ಬದಲಾಯಿಸ್ತೀವಿ. ನಿಮ್ಮ ಹಳೇ ವಿಡಿಯೋ ಎಲ್ಲಾ ನೋಡಿ, ಯಾವ ಬೆರಳು ಎಷ್ಟು ದೂರ ಚಾಚುತ್ತೆ ಅಂತ ಲೆಕ್ಕ ಹಾಕಿ ಬರೆದಿದೀನಿ. ಸುಲಭ ಮಾಡಿಲ್ಲ. ಕನಿಕರ ಅಂತ ತಿಳ್ಕೋಬೇಡಿ.”

ಚಿಕ್ಕಪ್ಪ ಅದನ್ನು ಮೇಜಿನಲ್ಲೇ ಓದಿದರು. ದೀಪದ ಮೇಲಿಟ್ಟ ಮೇಣ ಕರಗಿ ಹೊಗೆಯಾಡುತ್ತಿದ್ದರೂ ಎಚ್ಚರವಿಲ್ಲ. ಈಗ ಕೂಗಾಡುತ್ತಾರೆ ಎಂದುಕೊಂಡೆ. “ಹದಿನೆಂಟು ಕಡೆ ಮುಟ್ಟಿದ್ದಾಳೆ” ಎಂದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ದೀಪ ಆರಿಸಿ ನನ್ನ ಕೆಲಸಕ್ಕೆ ಬಗ್ಗಿದೆ. ಮುಖ ನೋಡದ ಆ ಹೆಂಗಸಿನ ಮೇಲೆ ಆ ಕ್ಷಣ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎದುರಿಗಿದ್ದಿದ್ದರೆ ತಬ್ಬಿಕೊಳ್ಳುತ್ತಿದ್ದೆ.

ಅವತ್ತೇ ಸಂಜೆ ದವಡೆಗಳು ಪಿಯಾನೊದಿಂದ ಊಟದ ಮೇಜಿಗೆ ಬಂದವು. “ಇಷ್ಟು ಬಾಯಿಗೆ ಎಲ್ಲಿಂದ ತಂದು ಬಡಿಸಲಿ?” ಎಂದು ಚಿಕ್ಕಮ್ಮ ಬೈದಳು. ಬೈಗುಳದಲ್ಲಿ ಸಂತೋಷ ತುಂಬಿತ್ತು. ಡಿಪೋ ಬರೆದ ಪ್ರಕಾರ ಬಲಗೈ ಎಡಗೈಯ ಮೇಲಿಂದ ದಾಟಿ ಹೋಗಿ, ಬಿಟ್ಟುಹೋದ ಸ್ವರ ಬಾರಿಸಿ, ಓಡಿ ವಾಪಸು ಬರಬೇಕು. ಐದು ವಾರ ಬೆವರು ಸುರಿಸಿದರು. ಕಡೆಗೊಂದು ಭಾನುವಾರ ಎರಡೂ ಕೈ ಕಾಣುವಂತೆ ನುಡಿಸಿದರು. ಎರಡು ಕಡೆ ಎಡವಿದರು, ಒಂದು ಸಾಲನ್ನು ಮತ್ತೆ ಮೊದಲಿಂದ ಹಿಡಿದರು. ಹಾಗೇ ಕಳಿಸಿದರು.

ಜೊತೆಗೆ ಬರೆದದ್ದು ಧನ್ಯವಾದವಲ್ಲ. “ಐದನೇ ಪುಟದಲ್ಲಿ ಬಲಗೈನ ಸುಮ್ಮನೆ ಸುತ್ತಾಡಿಸಿದ್ದೀರಿ. ಅಲ್ಲಿಗೆ ನನ್ನ ಎಡಗೈ ಕಿರುಬೆರಳೇ ಸಾಕು.”

“ಸಾಕಾದ್ರೆ ನುಡಿಸಿ ತೋರಿಸಿ.”

ವಾರಪೂರ್ತಿ ಇದೇ ನಡೆಯಿತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಚಿಕ್ಕಪ್ಪ ಏನೋ ಬರೆದು ಕಳಿಸಿ, ಫೋನನ್ನೇ ನೋಡುತ್ತಾ ಇದ್ದರು. “ಈಗೇನು ಜಗಳ?” ಎಂದೆ. ಬರೆದದ್ದನ್ನು ಓದಿ ಹೇಳಿದರು: “ಕಿರುಬೆರಳೂ ಹೀಗೇ ಆಗಬಹುದು ಅಂದಿದ್ದಾರೆ ಡಾಕ್ಟರು. ಆಗೇನು ಮಾಡ್ತೀರಿ?” ಈ ವಿಷಯ ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ. ಅವಳು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು.

ಉತ್ತರ ಬಂತು. ಚಿಕ್ಕಪ್ಪ ಗಟ್ಟಿಯಾಗಿ ಓದಲು ಹೋಗಿ ನಡುವೆಯೇ ನಿಲ್ಲಿಸಿದರು. ಚಿಕ್ಕಮ್ಮ ತಟ್ಟೆ ಕೆಳಗಿಟ್ಟು, ಅವರ ಕೈಯಿಂದ ಫೋನ್ ತೆಗೆದುಕೊಂಡು ಓದಿದಳು:

“ಎಂಟು ಬೆರಳಿಗೆ ಬರೀತೀನಿ. ಏಳಾದ್ರೆ ಏಳಕ್ಕೆ. ನೀವು ಬಯ್ಯೋದು ಮಾತ್ರ ನಿಲ್ಲಿಸ್ಬೇಡಿ.”