ನಾಗತ್ತೆಯ ಬಾಯಿ

ನೀರಿನಲ್ಲಿ ನೆನೆದ ಬಾಳೆನಾರಿಗೆ ಒಂದು ವಾಸನೆಯಿದೆ. ಸ್ವಲ್ಪ ಹುಳಿ, ಸ್ವಲ್ಪ ತಂಪು, ಬೆಳಗಿನ ಬಾವಿಕಟ್ಟೆಯ ಹತ್ತಿರ ಬರುವಂಥದು. ಅದರ ಜೊತೆ ಮಲ್ಲಿಗೆ, ಮರುಗ ಸೇರಿದರೆ ನನಗೆ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಜಯನಗರದ ಮಾರುಕಟ್ಟೆಗೆ ತರಕಾರಿಗೆ ಹೋದರೂ ಹೂವಿನ ಸಾಲನ್ನು ಬಿಟ್ಟು ಸುತ್ತಿಕೊಂಡು ಹೋಗುವುದು ನನ್ನ ಹಳೆಯ ಅಭ್ಯಾಸ. ಹೆಂಡತಿ ಇದ್ದಾಗ, ಹೂವು ತರುವುದಕ್ಕೂ ಜಿಪುಣತನವೇ ಎಂದು ಹಂಗಿಸುತ್ತಿದ್ದಳು. ಕಳೆದ ವಾರ ಆ ವಾಸನೆ ತಾನಾಗಿಯೇ ಬನಶಂಕರಿಯ ನಮ್ಮ ಮನೆಗೆ ಬಂತು. ಸೊಸೆ ಶುಭ ಹಬ್ಬಕ್ಕೆಂದು ತಂದ ಮಲ್ಲಿಗೆ ಹಾರ ನಡುವೆ ಬಿಚ್ಚಿಕೊಂಡಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಸಿಂಚನ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟಲು ಹೋದಳು. ನಾರು ಒಣಗಿತ್ತು. ಅದರ ತುದಿಯನ್ನು ನಾಲಿಗೆಯ ಮೇಲಿಟ್ಟು ಒದ್ದೆ ಮಾಡಿದವಳು ತಕ್ಷಣ ನಾಲಿಗೆ ಕಚ್ಚಿಕೊಂಡು ನಕ್ಕಳು. "ಅಯ್ಯೋ, ನಾಗತ್ತೆ ಮಾಡ್ಬಿಟ್ಟೆ."

ನಮ್ಮ ಮನೆಯಲ್ಲಿ ಹುಟ್ಟಿದವರಿಗೂ ನಮ್ಮ ಮನೆಗೆ ಬಂದವರಿಗೂ ಈ ಮಾತು ಗೊತ್ತು. ದಾರವನ್ನು ಬಾಯಲ್ಲಿಟ್ಟು ಸೂಜಿಗೆ ಪೋಣಿಸಿದರೆ, ಬೆರಳಿಗೆ ಎಂಜಲು ಮುಟ್ಟಿಸಿ ಪುಸ್ತಕದ ಹಾಳೆ ತಿರುವಿದರೆ, ಹಿಂದೆ ಅಂಚೆಚೀಟಿ ನೆಕ್ಕಿ ಅಂಟಿಸಿದರೆ, ಯಾರಾದರೊಬ್ಬರು "ನಾಗತ್ತೆ ಮಾಡ್ಬೇಡ" ಎನ್ನುತ್ತಿದ್ದರು. ನಾನು ಅಂದು ಸಿಂಚನಳನ್ನು ಕೇಳಿದೆ, ನಾಗತ್ತೆ ಎಂದರೆ ಯಾರು ಗೊತ್ತೇ ಎಂದು. "ಯಾರೋ ನಿಮ್ ಕಾಲದ ಆಂಟಿ ಅಲ್ವಾ ತಾತ? ದೇವರ ಹಾರನೇ ಎಂಜಲು ಮಾಡಿ ಸಿಕ್ಕಾಕೊಂಡ್ರಂತಲ್ಲ," ಎಂದಳು. ಹುಡುಗಿ ತಮಾಷೆಗೆ ಹೇಳಿದ್ದು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಪಾರ್ಕಿಗೆ ನಾಲ್ಕು ಸುತ್ತು ಹಾಕಿದೆ, ಬಂದೆ, ಮತ್ತೆ ಹೋದೆ. ಅಂದಿನಿಂದ ಹೀಗೇ ಆಗಿದೆ. ಈ ಬರಹವನ್ನೂ ಒಂದೇ ಸಲ ಕೂತು ಬರೆಯಲು ಆಗಲಿಲ್ಲ. ನಿಮ್ಮ ಮನೆಗಳಲ್ಲೂ ಹೀಗೆ ಹೆಸರು ಮಾತ್ರ ಉಳಿದ ಒಬ್ಬರು ಇದ್ದಾರು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾಗತ್ತೆ ನನ್ನ ತಂದೆಯ ಅಕ್ಕ. ಗಂಡ ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋದವನು ತಿರುಗಿ ಬರಲಿಲ್ಲ, ಕಾಗದವೂ ಬರಲಿಲ್ಲ. ಆದ್ದರಿಂದ ಅವಳ ಹಣೆಯಲ್ಲಿ ಕುಂಕುಮವಿತ್ತು, ಹೋಗಲು ಮನೆಯಿರಲಿಲ್ಲ. ನಾವಿದ್ದ ಜಯನಗರ ಆಗ ಅರ್ಧ ಮನೆ, ಅರ್ಧ ಖಾಲಿ ಸೈಟು. ಹೆಂಚಿನ ಮನೆಯ ಹಿಂದೆ ಬಾವಿ, ಬಾವಿಯ ಪಕ್ಕ ಎರಡು ಬಾಳೆ, ಅದರಾಚೆ ಅವಳ ಸಣ್ಣ ಕೋಣೆ. ಆ ಮನೆಯಲ್ಲಿ ಎಂಜಲಿನ ವಿಷಯದಲ್ಲಿ ನಿಯಮಗಳಿಗೆ ಕೊನೆಯಿರಲಿಲ್ಲ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಅಡುಗೆ ಮಾಡುವವರು ಉಪ್ಪು ನೋಡಬಾರದು. ದೇವರ ಹೂವನ್ನು ಮೂಸಿದರೂ ಅದು ಎಂಜಲೇ. ಆದರೆ ಹೊರಗೆ ಹೊರಟ ಮಗುವಿನ ಮುಖದ ಕಲೆಯನ್ನು ಅಮ್ಮ ಎಂಜಲು ಹಚ್ಚಿದ ಸೆರಗಿನಿಂದಲೇ ಒರೆಸುತ್ತಿದ್ದಳು, ದೃಷ್ಟಿ ತೆಗೆಯುವಾಗ ಮೂರು ಸಲ ಥೂ ಥೂ ಎನ್ನುತ್ತಿದ್ದಳು. ನಾವು ಮಕ್ಕಳು ಪೆಪ್ಪರಮೆಂಟನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ, ಇದು ಕಾಗೆ ಎಂಜಲು, ದೋಷವಿಲ್ಲ ಎಂದು ಹಂಚಿಕೊಳ್ಳುತ್ತಿದ್ದೆವು. ಯಾವ ಎಂಜಲು ಕೆಡಿಸುತ್ತದೆ, ಯಾವುದು ವಾಸಿ ಮಾಡುತ್ತದೆ ಎಂದು ಯಾರೂ ನಮಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ. ನಾಗತ್ತೆಯನ್ನು ನೋಡಿ ಕಲಿತೆವು.

ಅವಳ ಬಾಯಿ ಸೂರ್ಯ ಹುಟ್ಟುವಷ್ಟರಲ್ಲಿ ಎರಡು ಬಾಯಾಗುತ್ತಿತ್ತು. ಎದ್ದ ಕೂಡಲೇ, ಬಾಯಿ ಮುಕ್ಕಳಿಸುವ ಮುಂಚೆ, ಯಾರೊಡನೆಯೂ ಮಾತಾಡುವ ಮುಂಚೆ ಇರುವ ಎಂಜಲು ಔಷಧಿ. ಹುಳುಕಡ್ಡಿ ಎದ್ದವರು, ಜೇಡ ಹರಿದು ಗುಳ್ಳೆಯಾದವರು, ಕಣ್ಣುಕುಟಿಕೆಯಾದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದರು. ಅತ್ತೆ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹುಣ್ಣಿನ ಸುತ್ತ ಸವರುತ್ತಿದ್ದಳು. ಬಂದವರೂ ಮಾತಾಡುತ್ತಿರಲಿಲ್ಲ. ಅದಾದ ಮೇಲೆ ಹಲ್ಲುಜ್ಜಿ, ಬಾವಿಯಿಂದ ಸೇದಿ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು ಜಗಲಿಯಲ್ಲಿ ಹೂವಿಗೆ ಕೂರುತ್ತಿದ್ದಳು. ಬೀದಿಯ ತುದಿಯ ಸಣ್ಣ ದೇವಸ್ಥಾನಕ್ಕೆ ದಿನದ ಹಾರ ಅವಳದು. ಪಕ್ಕದಲ್ಲಿ ಕಂಚಿನ ಬಟ್ಟಲಲ್ಲಿ ನೀರು, ನೀರಿನಲ್ಲಿ ನಾರು. ಮೊದಲ ಗಂಟಿನಿಂದ ಕೊನೆಯ ಗಂಟಿನವರೆಗೆ ಅವಳು ಬಾಯಿ ತೆರೆಯುತ್ತಿರಲಿಲ್ಲ, ಮಾತಿನ ಜೊತೆ ಒಂದು ಹನಿ ಹೂವಿನ ಮೇಲೆ ಹಾರಿದರೂ ಹಾರ ಕೆಟ್ಟಿತು ಎಂದು. ಮನೆಗೆ ನೆಂಟರು ಬಂದರೂ ಅಷ್ಟೆ, ನಾನು ಬಿದ್ದು ಮೊಣಕಾಲು ಒಡೆದುಕೊಂಡು ಅತ್ತರೂ ಅಷ್ಟೆ, ಕಣ್ಣಲ್ಲೇ ಅಮ್ಮನನ್ನು ಕರೆಯುತ್ತಿದ್ದಳು. ದೇವಸ್ಥಾನ ನೋಡಿಕೊಳ್ಳುತ್ತಿದ್ದ ಶಾಮಣ್ಣನವರು ಬುಟ್ಟಿ ಹಿಡಿದು ಬಂದು ಹಾರ ಒಯ್ಯುತ್ತಿದ್ದರು. ಮಧ್ಯಾಹ್ನ ಅಲ್ಲಿಂದ ಒಂದು ಕಾಯಿಹೋಳು, ಬಾಳೆಲೆಯಲ್ಲಿ ಮೊಸರನ್ನ ಬರುತ್ತಿತ್ತು. ತಮ್ಮನ ಮನೆಯ ಅನ್ನ ಉಣ್ಣುತ್ತಿದ್ದ ಅತ್ತೆ ಆ ಕಾಯಿಹೋಳನ್ನು ಅಮ್ಮನ ಕೈಗೆ ಕೊಡುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಅವಳದು ಎಂದು ಆ ಮನೆಯಲ್ಲಿದ್ದದ್ದು ಅದೊಂದೇ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ನನಗೆ ಹನ್ನೊಂದು ವರ್ಷವಿದ್ದಾಗ ಬಲಗಣ್ಣಿನ ರೆಪ್ಪೆಯ ಮೇಲೆ ಕುಟಿಕೆಯಾಯಿತು. ಮೂರು ಬೆಳಿಗ್ಗೆ ಅತ್ತೆ ಹೆಬ್ಬೆರಳಿನಿಂದ ಸವರಿದಳು. ಪಕ್ಕದ ಮನೆಯ ರಘು ಅದನ್ನು ಕಾಂಪೌಂಡಿನ ಮೇಲಿಂದ ನೋಡಿದ. ಅದೇ ವಾರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಉಗುಳಿನಲ್ಲಿ ಕ್ರಿಮಿಗಳಿರುತ್ತವೆ ಎಂದು ಪಾಠ ಮಾಡಿದ್ದರು. ರಘು ಎದ್ದು ನಿಂತು, "ಸಾರ್, ಇವನ ಕಣ್ಣಿಗೆ ಇವರತ್ತೆ ದಿನಾ ಉಗೀತಾರೆ ಸಾರ್," ಎಂದ. ಇಡೀ ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು. ಅಂದಿನಿಂದ ನಾನು ಎಂಜಲುಗಣ್ಣ. ಕಣ್ಣು ವಾಸಿಯಾಯಿತು, ಹೆಸರು ಹೋಗಲಿಲ್ಲ. ರಘುವಿನ ಮೇಲೆ ಬರಬೇಕಾದ ಸಿಟ್ಟು ಅತ್ತೆಯ ಮೇಲೆ ಬಂತು. ಅವಳು ಬಡಿಸಿದರೆ ತಟ್ಟೆ ಸರಿಸಿ ಏಳುತ್ತಿದ್ದೆ.

ಒಂದು ಸಂಜೆ ಶಾಲೆಯಿಂದ ಬರುವಾಗ ಶಾಮಣ್ಣನವರು ದೇವಸ್ಥಾನದ ಮುಂದೆ ನಿಂತಿದ್ದರು. "ಏನಪ್ಪ ರಾಯರೇ, ನಾಳೆ ಶನಿವಾರ, ನಿಮ್ಮತ್ತೆಗೆ ಹಾರ ದಿನಕ್ಕಿಂತ ಎರಡು ಮೊಳ ಹೆಚ್ಚಿಗೆ ಇರ್ಲಿ ಅಂತ ಹೇಳು," ಎಂದರು. ನಾನು ಯೋಚನೆ ಮಾಡಿ ಹೇಳಿದ್ದಲ್ಲ, ಆದರೆ ಹೇಳುವಾಗ ರುಚಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. "ನಮ್ಮತ್ತೆ ನಾರನ್ನ ಬಾಯಲ್ಲೇ ಒದ್ದೆ ಮಾಡ್ಕೊಂಡು ಕಟ್ಟೋದು," ಎಂದೆ. ಅವರ ಮುಖ ಬದಲಾಯಿತು. "ದೇವರಾಣೆ?" ಎಂದರು. ನಾನು ಓಡಿಬಂದೆ.

ಮರುದಿನ ಅವರು ಹೊತ್ತಿಗೆ ಮುಂಚೆಯೇ ಬಂದರು. ಅತ್ತೆ ಜಗಲಿಯಲ್ಲಿದ್ದಳು, ಮಡಿಲಲ್ಲಿ ಹಾರ, ಇನ್ನೂ ಎರಡು ಮೊಳ ಬಾಕಿ. ನಾನು ಹಲ್ಲುಪುಡಿ ಹಾಕಿ ಹಲ್ಲುಜ್ಜುತ್ತ ತುಳಸಿಕಟ್ಟೆಯ ಹತ್ತಿರ ನಿಂತಿದ್ದೆ. ಶಾಮಣ್ಣನವರು ಮೆಟ್ಟಿಲು ಹತ್ತಲಿಲ್ಲ. "ನಾಗಮ್ಮನವರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾರನ್ನ ಬಾಯಿಗೆ ಇಡ್ತೀರಂತೆ, ಹೌದಾ?" ಅತ್ತೆ ತಲೆ ಎತ್ತಿದಳು. ಬೆರಳುಗಳು ನಿಲ್ಲಲಿಲ್ಲ. ಎರಡು ಮಲ್ಲಿಗೆ, ಒಂದು ಮರುಗ, ಗಂಟು. "ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ ಸಾಕು," ಎಂದರು. ಅವಳು ನೀರಿನ ಬಟ್ಟಲನ್ನು ಕಣ್ಣಿನಿಂದಲೇ ತೋರಿಸಿದಳು. ಅವರಿಗೆ ಅದು ಅರ್ಥವಾಗಲಿಲ್ಲ, ಅಥವಾ ಸಾಲಲಿಲ್ಲ. "ಮಾತೇ ಹೊರಡ್ತಿಲ್ಲ ಅಂದ್ರೆ ನಾನೇನು ತಿಳ್ಕೊಳ್ಳಲಿ?" ಎಂದವರು ನನ್ನ ಕಡೆ ತಿರುಗಿದರು. "ನೀನು ಹೇಳಪ್ಪ. ನೀನೇ ನೋಡಿದ್ದು ತಾನೆ?"

ಅತ್ತೆಯೂ ನನ್ನನ್ನು ನೋಡಿದಳು. ನನ್ನ ಬಾಯಿ ತುಂಬ ನೊರೆ. ಉಗುಳಿದರೆ ಮಾತಾಡಬೇಕಾಗುತ್ತದೆ ಎಂದು ನಾನು ಉಗುಳಲಿಲ್ಲ. ನೊರೆಯನ್ನು ಬಾಯಲ್ಲೇ ಇಟ್ಟುಕೊಂಡು ಹೌದೆಂದು ತಲೆಯಾಡಿಸಿದೆ. ಶಾಮಣ್ಣನವರು ಖಾಲಿ ಬುಟ್ಟಿಯೊಡನೆ ಹೊರಟುಹೋದರು. ನಾನು ನೊರೆಯನ್ನು ನುಂಗಿದೆ. ಅತ್ತೆ ಉಳಿದ ಎರಡು ಮೊಳವನ್ನೂ ಕಟ್ಟಿದಳು, ಕೊನೆಯ ಗಂಟು ಬಿಗಿದು ನಾರು ಕತ್ತರಿಸಿ, ಹಾರವನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಆಮೇಲೆ ಬಾಯಿ ತೆರೆದಳು. "ಹೋದ್ರಾ?" ಎಂದಳು. ಅಷ್ಟೆ. ಒಳಗಿನಿಂದ ಬಂದ ಅಮ್ಮ ಹಣೆ ಚಚ್ಚಿಕೊಂಡಳು. "ಒಂದು ಮಾತು ಆಡಿಬಿಡಬಾರದಿತ್ತಾ ಅಕ್ಕ? ಇಲ್ಲ ಅಂದಿದ್ರೆ ಮುಗೀತಿತ್ತು." ಅತ್ತೆ ಹಾರವನ್ನು ತುಳಸಿಗೆ ಹಾಕುತ್ತ, "ಆಡಿದ್ರೆ ಆಗ ನಿಜವಾಗ್ಲೂ ಎಂಜಲಾಗ್ತಿತ್ತಲ್ಲಮ್ಮ," ಎಂದಳು.

ಹಾರಕ್ಕೆ ಬೇರೆಯವರು ಸಿಕ್ಕರು. ಕಾಯಿಹೋಳು ನಿಂತಿತು. ರಘುವಿನ ಮನೆಯಲ್ಲಿ ಮೊದಲು ಹುಟ್ಟಿದ "ನಾಗತ್ತೆ ಮಾಡ್ಬೇಡ" ಎಂಬ ಮಾತು ಬೀದಿಯಲ್ಲಿ ತಿರುಗಿ, ಒಂದು ದಿನ ನಮ್ಮ ಮನೆಯೊಳಗೂ ಬಂತು. ಆಡಿದವರು ಅಪ್ಪ, ಅದೂ ನಗುತ್ತ. ಅವರೂ ನಂಬಿದ್ದರು. ಹಿತ್ತಲ ಬಾಗಿಲಿಗೆ ಮಗುವನ್ನು ಎತ್ತಿಕೊಂಡು ಬಂದ ಒಬ್ಬಾಕೆಗೆ ಅತ್ತೆ, "ಬೇಡಮ್ಮ, ದೇವರಿಗಾಗದ ಬಾಯಿ, ಮಗುಗ್ಯಾಕೆ," ಎಂದು ಕೈ ಮುಗಿದಳು. ಅಲ್ಲಿಗೆ ಅದೂ ನಿಂತಿತು. ಕೆಲವು ತಿಂಗಳ ಮೇಲೆ ನನ್ನ ಕುತ್ತಿಗೆಯ ಮೇಲೆ ಜೇಡದ ಗುಳ್ಳೆಗಳೆದ್ದು ಉರಿಯತೊಡಗಿದವು. ಬೆಳಗಾಗುವ ಹೊತ್ತಿಗೆ ಯಾರೋ ಹಾಸಿಗೆಯ ಪಕ್ಕ ಕುಳಿತಂತಾಯಿತು. ಹೆಬ್ಬೆರಳು ತಣ್ಣಗೆ ಕುತ್ತಿಗೆಯನ್ನು ಸುತ್ತಿತು. ಬೇರೆ ಯಾರಿಗೂ ಕೊಡದಿದ್ದ ಬಾಯನ್ನು ಅವಳು ನನಗೆ ಕೊಟ್ಟಳು. ಅವಳು ಮಾತಾಡುವಂತಿರಲಿಲ್ಲ, ನಾನು ಮಾತಾಡಬಹುದಿತ್ತು. ಅತ್ತೆ, ನಾನು ಸುಳ್ಳು ಹೇಳಿದೆ ಎಂಬ ನಾಲ್ಕು ಪದ ನಾಲಿಗೆಯ ಮೇಲಿದ್ದವು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ಮೂರು ಬೆಳಿಗ್ಗೆಯೂ ಮುಚ್ಚಿಕೊಂಡೇ ಇದ್ದೆ. ಗುಳ್ಳೆ ಅವಳಿಂದ ವಾಸಿಯಾಯಿತೋ ತಾನಾಗಿಯೇ ಬತ್ತಿತೋ ನನಗೆ ತಿಳಿಯದು. ವೈದ್ಯರನ್ನು ಕೇಳಿದರೆ ನಕ್ಕಾರು. ಗುರುತು ಮಾತ್ರ ಉಳಿಯಲಿಲ್ಲ.

ಮರುವರ್ಷ ಮಾಗಡಿಯ ಕಡೆ ನೆಂಟರ ಮನೆಯಲ್ಲಿ ಬಾಣಂತನಕ್ಕೆ ಜನ ಬೇಕೆಂದು ಅವಳನ್ನು ಕಳಿಸಿದರು. ಟ್ರಂಕಿನ ಮೇಲೆ ಕಂಚಿನ ಬಟ್ಟಲು ಕಟ್ಟಿಕೊಂಡು ಹೋದಳು. ಬೇಸಿಗೆ ರಜೆಯಲ್ಲಿ ಬಾ ಎಂದು ಎರಡು ಸಲ ಹೇಳಿಕಳಿಸಿದಳು, ನಾನು ಹೋಗಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ಕಾರ್ಡು ಬಂತು, ತೀರಿಕೊಂಡಳೆಂದು. ಆಮೇಲೆ ಕಾರ್ಖಾನೆಯ ಕೆಲಸ, ಮದುವೆ, ಮಗ. ಮನೆಯಲ್ಲಿ ಆ ಮಾತು ಬಂದಾಗಲೆಲ್ಲ ನಾನೂ ಎಲ್ಲರೊಡನೆ ನಕ್ಕಿದ್ದೇನೆ. ಹೇಳಬೇಕಾದ ಇನ್ನೊಂದು ಪಾಪ ಇದು, ಮೊದಲಿನದಕ್ಕಿಂತ ಚಿಕ್ಕದಲ್ಲ. ಆಗ ನಾನು ಹುಡುಗನಾಗಿದ್ದೆ, ನಗುವಾಗ ಹುಡುಗನಾಗಿರಲಿಲ್ಲ.

ಕಳೆದ ವಾರದ ಅಲೆದಾಟದಲ್ಲಿ ಹಳೆಯ ಬೀದಿಗೂ ಹೋಗಿಬಂದೆ. ಬಾವಿಯಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ, ಕೆಳಗೆ ಪರೀಕ್ಷೆಯ ಲ್ಯಾಬು. ಬಿಸಿಲಿಗೆ ಸುಸ್ತಾಗಿ ಒಳಗೆ ಕುಳಿತೆ. ಕೌಂಟರಿನ ಹುಡುಗಿ ಯಾರಿಗೋ ಉಗುಳು ಹಿಡಿಯುವ ಸಣ್ಣ ಡಬ್ಬಿ ಕೊಟ್ಟು, "ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ತೊಳೆಯೋ ಮುಂಚೆ ತೆಗೀಬೇಕು ಅಂಕಲ್, ಮರೀಬೇಡಿ," ಎನ್ನುತ್ತಿದ್ದಳು. ನಾನು ಎದ್ದು ಮನೆಗೆ ಬಂದೆ. ಮಗ, ಶುಭ, ಸಿಂಚನ ಊಟಕ್ಕೆ ಕುಳಿತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ತಲೆಯಾಡಿಸಿದ್ದನ್ನೂ ನೊರೆ ನುಂಗಿದ್ದನ್ನೂ ಬಿಡದೆ. ಮಗ ತಟ್ಟೆ ನೋಡುತ್ತಿದ್ದ. "ಬಿಡಿ ಮಾವ, ಚಿಕ್ಕೋರು ನೀವಾಗ," ಎಂದಳು ಶುಭ. ಸಿಂಚನ ಮಾತ್ರ ಬಿಡಲಿಲ್ಲ. "ಹಂಗಾದ್ರೆ ಇನ್ಮೇಲೆ ತಾತ ಮಾಡ್ಬೇಡ ಅನ್ಬೇಕಲ್ವಾ?" ಎಂದಳು. ಶುಭ ಅವಳನ್ನು ಗದರಿದಳು. ನಾನು, ಹಾಗೇ ಅನ್ನಿ ಎಂದೆ. ನಿಜವಾಗಿ ಹಾಗೇ ಅನ್ನಬೇಕೆಂದು ನನ್ನ ಆಸೆ.

ಇವತ್ತು ಬೆಳಿಗ್ಗೆ ಸಿಂಚನ ಬಿಡಿ ಮಲ್ಲಿಗೆ ತರಿಸಿಕೊಂಡು ಬಾಲ್ಕನಿಯಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಸ್ಟೀಲಿನ ಬಟ್ಟಲು, ನೀರಲ್ಲಿ ನಾರು. ಗಂಟುಗಳು ಒಂದೊಂದೂ ಒಂದೊಂದು ಕಡೆ ವಾಲಿದ್ದವು. ವಾಸನೆ ಒಳಗೆಲ್ಲ ಹರಡಿತ್ತು. ಹೋಗಲೆಂದು ಚಪ್ಪಲಿಗೆ ಕಾಲು ಹಾಕಿದವನು ನಿಂತು, "ಯಾರಿಗಮ್ಮ ಹಾರ?" ಎಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ತುಟಿ ತೆರೆಯಲಿಲ್ಲ. ಬೆರಳುಗಳು ಮತ್ತೆ ನಾರಿಗೆ ಹೋದವು. ಇನ್ನೂ ಒಂದು ಮೊಳದಷ್ಟು ಬಾಕಿಯಿತ್ತು. ನಾನು ಚಪ್ಪಲಿ ಬಿಟ್ಟು, ಅವಳ ಎದುರಿನ ಕುರ್ಚಿಯಲ್ಲಿ ಕುಳಿತು ಕಾದೆ.