ಮೀನುಪೇಟೆಯ ಐಸು, ಜಾಸ್ಮೀನಳ ಮೊಣಕಾಲು

“ಹರದಿಲ್ಲಂತ್ರಿ ಭಾಯ್! ಲಿಗಮೆಂಟ್ ಹರದಿಲ್ಲಂತ! ಬರೇ ಜಗ್ಗೇತಂತ!”

ಬೆಳಗಿನ ಐದೂವರೆ. ವಾಳಪೈ ಊರಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಕಾಸೀಮಸಾಬರ ಕೈ ಅಲ್ಲೇ ನಿಲ್ಲುತ್ತದೆ. ಬೇಲಿಯಾಚೆ, ಬೇಕರಿ ಕೆಲಸಕ್ಕೆ ಹೊರಟ ನಜ್ಮಾ ಮಗಳು ಜಾಸ್ಮೀನಳ ಸ್ಕ್ಯಾನ್ ರಿಪೋರ್ಟನ್ನು ಬೀಸುತ್ತಿದ್ದಾಳೆ. ಸಾಬರು ಪಕ್ಕದ ಖಾಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. ನಾಲ್ಕು ದಿನದಿಂದ ಅವರು ಕಾಯುತ್ತಿದ್ದ ಸುದ್ದಿ ಇದು.

ಸಿಂದಗಿ ಕಡೆಯ ಕಾಸೀಮಸಾಬರಿಗೆ ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಈ ಮೈದಾನದ ಕಾವಲು ಅವರದೇ. ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು ಸಂಬಳದ ಕೆಲಸ. ಇಲ್ಲಿ ಫುಟ್‌ಬಾಲ್ ಆಡುವ ನಲವತ್ತು ಮಕ್ಕಳ ಕೈಕಾಲು ಕಾಯುವುದು ಸಂಬಳವಿಲ್ಲದ ಕೆಲಸ. ಸೆಕೆಗೆ ಮೀನಖಂಡ ಹಿಡಿದುಕೊಂಡವರಿಗೆ ಉಪ್ಪು ಸಕ್ಕರೆ ನೀರು. ಮೈ ಬಿಸಿ ಮಾಡಿಕೊಳ್ಳದೆ ಚೆಂಡು ಮುಟ್ಟಿದವರಿಗೆ ಬೈಗುಳ. ಉಳುಕಿಗೆ ಐಸು, ಅದನ್ನು ದಿನಾ ಎರಡು ಕಿಲೋ ಕೊಡುವವಳು ಮೀನುಪೇಟೆಯ ಗೌರಿಬಾಯಿ.

“ಪೆಟ್ಟಿಗಿಂತ ಬಾಂಗಡಾ ಮೀನಿನ ವಾಸನಿಗೇ ಪೋರಗೋಳು ಎದ್ದು ಓಡ್ತಾವ್ರಿ,” ಎಂದು ಸಾಬರೇ ನಗುತ್ತಾರೆ.

ಭಾನುವಾರ ಮಾತ್ರ ಯಾರೂ ನಗಲಿಲ್ಲ. ಓಡುತ್ತಲೇ ಗರ್ರನೆ ತಿರುಗಿದ ಹದಿನಾರರ ಜಾಸ್ಮೀನ ಮೊಣಕಾಲು ಹಿಡಿದು ಬಿದ್ದಳು. ಇನ್ನೆರಡು ತಿಂಗಳಿಗೆ ಜೂನಿಯರ್ ತಂಡದ ಆಯ್ಕೆ. ಲಿಗಮೆಂಟ್ ಹರಿದಿದ್ದರೆ ಆಪರೇಷನ್, ವರ್ಷವಿಡೀ ಆಟವಿಲ್ಲ. ನಜ್ಮಾ ಬಿಸಿ ಎಣ್ಣೆ ಹಿಡಿದು ಓಡಿ ಬಂದಳು. ಸಾಬರು ಅಡ್ಡ ಕುಳಿತರು. ಬಟ್ಟೆ ಸುತ್ತಿದ ಐಸು ಕಾಲು ಗಂಟೆ, ಮೇಲೆ ಪಟ್ಟಿ, ಕಾಲಡಿಗೆ ದಿಂಬು.

“ಗರಡಿ ಮನ್ಯಾಗ ಬೆಳದಾಂವ, ತಿಕ್ಕಾಕ ಬರೂದಿಲ್ಲೇನ ನಿನಗ?” ಎಂದು ಓಣಿಯೇ ಆಡಿಕೊಂಡಿತು.

ಬರುತ್ತದೆ. ಗರಡಿಯಲ್ಲಿ ಎಂಥ ಉಳುಕಿಗೂ ಬಿಸಿ ಎಣ್ಣೆಯ ತಿಕ್ಕೇ ಮದ್ದು. ಇಲ್ಲಿಗೆ ಬಂದ ಮೊದಲ ವರ್ಷ ಹೊಳೆಪ್ಪನೆಂಬ ಆಟಗಾರನ ಆಗಷ್ಟೇ ಉಳುಕಿದ ಪಾದವನ್ನು ಸಾಬರು ಜೀವ ಹೋಗುವಂತೆ ತಿಕ್ಕಿದ್ದರು. ಸಂಜೆಗೆ ಅದು ಕುಂಬಳಕಾಯಿಯಾಯಿತು. ಹೊಳೆಪ್ಪನಿಗೆ ಫೈನಲ್ ತಪ್ಪಿತು. ಈಗ ಡಿಚೋಲಿಯಲ್ಲಿ ಲಾರಿ ಓಡಿಸುವ ಅವನು ಎದುರಾದಾಗಲೆಲ್ಲ ಹಾರ್ನ್ ಹೊಡೆದು ಕೂಗುತ್ತಾನೆ: “ಚಾಚಾ, ನನ್ನ ಫೈನಲ್ ವಾಪಸ್ ಕೊಡ್ರಿ!”

“ಅವಾ ನಗತಾನ್ರಿ. ನನಗ ನಗಿ ಬರೂದಿಲ್ಲ,” ಎನ್ನುತ್ತಾರೆ ಸಾಬರು. ಅಂದು ಆಸ್ಪತ್ರೆಯ ಫಿಸಿಯೋ ಕೊಟ್ಟ ಬೈಗುಳವನ್ನೇ ಅವರು ಪಾಠ ಮಾಡಿಕೊಂಡರು: ಹೊಸ ಪೆಟ್ಟನ್ನು ತಿಕ್ಕಬಾರದು.

“ಡಾಕ್ಟರು ಕೇಳಿದ್ರು ಭಾಯ್, ಯಾರೂ ತಿಕ್ಕಿಲ್ಲಲ್ಲ ಅಂತ. ಎಣ್ಣಿ ಡಬ್ಬಿ ನನ್ನ ಚೀಲದಾಗೇ ಇತ್ತು, ಸೆರಗು ಮುಚ್ಚಿಬಿಟ್ಟೆ!” ನಜ್ಮಾ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ. ಆರು ವಾರಕ್ಕೆ ಓಡಬಹುದಂತೆ. ಅಲ್ಲಿಯವರೆಗೆ ಮೊಣಕಾಲಡಿ ಟವೆಲ್ ಸುರುಳಿ ಇಟ್ಟು ಒತ್ತಿ ಹಿಡಿಯುವ ವ್ಯಾಯಾಮ, ತೊಡೆಗೆ ಬಲ ಬರಲೆಂದು.

ನಜ್ಮಾಳ ಫೋನು ಹೊಡೆದುಕೊಳ್ಳುತ್ತದೆ, ಅವಳು ಅದನ್ನು ಬೇಲಿಯ ಮೇಲಿಂದ ಸಾಬರಿಗೆ ಕೊಡುತ್ತಾಳೆ. ಜಾಸ್ಮೀನ.

“ಚಾಚಾ, ನಾಳಿ ಗ್ರೌಂಡಿಗೆ ಬರ್ಲೇನ್ರಿ? ಅಮ್ಮೀ ಸ್ಕೂಟಿ ಮ್ಯಾಲೆ ಬಿಡ್ತಾಳಂತ.”

“ಬಾ ಬೇಟಿ. ಆರಕ್ಕ.”

“ಬೂಟು?”

“ಬೂಟು ಮನ್ಯಾಗ ಇರ್ಲಿ. ಟವೆಲ್ ತಗೊಂಡ್ ಬಾ.”