ಗುಳಿಗೆ ಹಿಡಿಯದ ದಿನಗಳು

ಮೊದಲ ಏಟು ಬಿದ್ದದ್ದು ನಾನು ಒಲೆಯ ಮುಂದೆ ಕೂತಲ್ಲೇ ನಿದ್ದೆ ಹೋದದ್ದಕ್ಕೆ. ಅನ್ನ ತಳ ಹಿಡಿದು ಅಮದಳ್ಳಿಯ ನಮ್ಮ ಮನೆಯೆಲ್ಲ ಸೀದ ವಾಸನೆ. ಬೈತಖೋಲ ಬಂದರಿನಲ್ಲಿ ನಸುಕಿನಿಂದ ಮೀನಿನ ಬುಟ್ಟಿ ಹೊತ್ತು ಹಸಿದು ಬಂದ ಗಂಡ ನನ್ನ ಜಡೆ ಹಿಡಿದು ಎಬ್ಬಿಸಿ ಕೆನ್ನೆಗೆ ಬಾರಿಸಿದ. ಮದುವೆಯಾದಾಗಿನಿಂದ ಕೈ ಎತ್ತಿದವನಲ್ಲ. ನನಗಿಂತ ಅವನಿಗೇ ಹೆಚ್ಚು ಗಾಬರಿಯಾದಂತೆ ಕಂಡಿತು. ಅಂದು ಊಟ ಮಾಡದೆ ಮಲಗಿದ. ಎರಡನೆಯ ಸಲ ಹೊಡೆದಾಗ ಹೊಟ್ಟೆ ತುಂಬ ಉಂಡೇ ಮಲಗಿದ.

ಆಗ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ದನಿ ಗಂಡಸರಂತೆ ಒರಟಾಗಿತ್ತು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಊರೆಲ್ಲ ಬೆವರಿ ಸಾಯುತ್ತಿದ್ದರೆ ನಾನು ಕಂಬಳಿ ಹುಡುಕುತ್ತಿದ್ದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಒಂದು ಕೊಡ ನೀರು ಸೇದಿ ಬಾವಿಕಟ್ಟೆಯ ಮೇಲೆ ಕೂತರೆ, ಏಳುವ ಹೊತ್ತಿಗೆ ನೆರಳು ಬೇರೆ ಕಡೆ ಹೋಗಿರುತ್ತಿತ್ತು. ಗಂಡನ ಬಾಯಲ್ಲಿ ನನಗೆ ಎಮ್ಮೆ ಎಂಬ ಹೆಸರು ಬಂತು. ಎಮ್ಮೆಯಾದರೆ ಹಾಲಾದರೂ ಕೊಡುತ್ತಿತ್ತು ಎಂದು ಅವನೇ ಸೇರಿಸಿ, ತನ್ನ ಮಾತಿಗೆ ತಾನೇ ನಗುತ್ತಿದ್ದ.

ಅತ್ತೆ ಕೆಟ್ಟವಳಲ್ಲ. ಅವಳೇ ನನ್ನನ್ನು ಬಸ್ಸು ಹತ್ತಿಸಿ ಕಾರವಾರದ ಡಾಕ್ಟರ ಹತ್ತಿರ ಕರೆದೊಯ್ದಳು. ರಕ್ತ ತೆಗೆದರು. ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಚಹಾ ಅರ್ಧ ಗಂಟೆ ಬಿಟ್ಟು, ಎಂದರು ಡಾಕ್ಟರು. ನನಗೆ ಅಳು ಬಂತು, ಸಂತೋಷದ ಅಳು. ಸೋಮಾರಿ ನಾನಲ್ಲ, ಕುತ್ತಿಗೆಯೊಳಗಿನ ಯಾವುದೋ ಗಂಟು! ಗುಳಿಗೆ ಹಿಡಿದರೆ ನಾನು ಮೊದಲಿನ ಹಾಗಾಗುತ್ತೇನೆ, ನಾನು ಮೊದಲಿನ ಹಾಗಾದರೆ ಅವನೂ ಆಗುತ್ತಾನೆ, ಏಟು ನಿಲ್ಲುತ್ತದೆ. ದೇವರನ್ನೂ ನಾನು ಇಷ್ಟು ಗಟ್ಟಿಯಾಗಿ ನಂಬಿದವಳಲ್ಲ.

ಗುಳಿಗೆ ಹಿಡಿಯಲಿಲ್ಲ. ಐವತ್ತರ ಬಲದ್ದು ಎಪ್ಪತ್ತೈದಾಯಿತು, ನೂರಾಯಿತು, ಅದಕ್ಕೂ ಮೇಲೆ ಹೋಯಿತು. ಪ್ರತಿ ಸಲ ರಕ್ತ ಕೊಟ್ಟಾಗಲೂ ಫಲಿತಾಂಶ ಇದ್ದಲ್ಲೇ ಇತ್ತು. "ತಪ್ಪದೇ ತಗೊಳ್ತೀರಾ?" ಎಂದು ಡಾಕ್ಟರು ರಿಪೋರ್ಟಿನಿಂದ ಕಣ್ಣೆತ್ತದೆ ಕೇಳುತ್ತಿದ್ದರು. ಹೌದೆಂದರೆ ನಂಬುತ್ತಿರಲಿಲ್ಲ. ಮನೆಗೆ ಬಂದರೆ ಗಂಡನದೂ ಅದೇ ಪ್ರಶ್ನೆ. ಅವನು ಬೆಲ್ಟು ಹಿಡಿದು ಕೇಳುತ್ತಿದ್ದ.

"ಗುಳಿಗೆ ಬಚ್ಚಲಿಗೆ ಉಗಿತೀ ನೀ. ಕೆಲ್ಸ ಮಾಡೂಕೆ ಆಗೂದಿಲ್ಲ ಅಂತೇಳಿ ನಾಟ್ಕ!"

ಒಂದು ಬೆಳಿಗ್ಗೆ ನನ್ನ ದವಡೆ ಅದುಮಿ, ಬಾಯಿ ಬಿಡಿಸಿ, ಗುಳಿಗೆಯನ್ನು ಬೆರಳಿನಿಂದ ಗಂಟಲಿಗೆ ತುರುಕಿದ. ಉಗುರು ತಾಗಿ ರಕ್ತ ಬಂತು. ಗುಳಿಗೆಯ ಜೊತೆ ಅದನ್ನೂ ನುಂಗಿದೆ. ಹೊಡೆತ ತಿನ್ನುವಾಗಲೂ ನನಗೆ ನಿದ್ದೆ ಬರುತ್ತಿತ್ತು ಎಂದರೆ ಯಾರು ನಂಬುತ್ತಾರೆ? ಅಡ್ಡ ಹಿಡಿಯುವುದಕ್ಕೂ ಕೈಯಲ್ಲಿ ತ್ರಾಣವಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಬಾವಿಕಟ್ಟೆಗೆ ತಲೆ ಬಡಿಯುವ ಹಾಗೆ ತಳ್ಳಿದ. ಅಂದೇ ನಾನು ಉಟ್ಟ ಸೀರೆಯಲ್ಲೇ ಅಂಕೋಲೆಯ ತವರಿಗೆ ಹೋದೆ. ಬಾಗಿಲು ತೆರೆದ ಅವ್ವ ನನ್ನ ಊದಿದ ಮುಖ ನೋಡಿ "ಯಾರಾಗ್ಬೇಕು?" ಎಂದಳು. ತಮಾಷೆಗಲ್ಲ, ಅವಳಿಗೆ ಗುರುತೇ ಸಿಕ್ಕಿರಲಿಲ್ಲ. ಕಾರವಾರದ ಡಾಕ್ಟರು ಬರೆದ ಅದೇ ಗುಳಿಗೆಯನ್ನು, ಅದೇ ಬಲದ್ದನ್ನು, ಪೇಟೆಯಿಂದ ಹೊಸ ಬಾಟಲಿಯಲ್ಲಿ ತರಿಸಿ ನುಂಗತೊಡಗಿದೆ.

ಕೆಲವು ವಾರಗಳಲ್ಲಿ ನನ್ನೊಳಗೆ ಯಾರೋ ಬೆಂಕಿ ಇಟ್ಟ ಹಾಗಾಯಿತು. ಎದೆ ಡಬಡಬ, ಕೈ ನಡುಕ, ಮೈಯೆಲ್ಲ ಬೆವರು. ನಿದ್ದೆ ಹಾರಿಹೋಯಿತು. ಮುಖದ ಊತ ಇಳಿದು ಮೂಳೆ ಕಂಡಿತು. ಜೊತೆಗೆ ಸಿಟ್ಟು ಬಂತು. ತಿಂದ ಒಂದೊಂದು ಏಟೂ ಆಗಷ್ಟೇ ಬಿದ್ದಂತೆ ಉರಿಯತೊಡಗಿತು. ನನ್ನ ತಮ್ಮ ಪಾಪ, "ಭಾವ ಕರಿಯೂಕೆ ಬತ್ತಾನಂತೆ, ಹೊಂದ್ಕಂಡಿ ಹೋಗು ಅಕ್ಕಾ" ಎಂದನಷ್ಟೇ. ಒಡೆಯಲೆಂದು ಕೈಯಲ್ಲಿ ಹಿಡಿದಿದ್ದ ತೆಂಗಿನಕಾಯಿಯನ್ನು ಅವನ ತಲೆಗೆ ಬೀಸಿದೆ. ಅವನು ಬಗ್ಗಿದ, ಕಾಯಿ ಗೋಡೆಗೆ ಬಡಿದು ಹೋಳಾಯಿತು. ಅವ್ವ ಹೆದರಿ ನನ್ನನ್ನು ಅಂಕೋಲೆಯ ಒಬ್ಬ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು.

ಅವರು ರಕ್ತ ಪರೀಕ್ಷೆ ಮಾಡಿಸಿ ಹುಬ್ಬೇರಿಸಿದರು. "ಈ ಬಲ ನಿಮಗೆ ತುಂಬಾ ಜಾಸ್ತಿ. ಕಾರವಾರದಲ್ಲಿ ಇದನ್ನೇ ತಗೊಂಡು ಏನೂ ಆಗ್ಲಿಲ್ವಾ? ಅಲ್ಲಿ ಗುಳಿಗೆ ಎಲ್ಲಿಡ್ತಿದ್ರಿ?"

"ಒಲೆ ಮೇಲಿನ ಹಲಗೆ ಅಟ್ಟದಲ್ಲಿ" ಎಂದೆ.

ಅದು ಹೇಳಬೇಕಾದ ಸಂಗತಿ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದ್ದೆಲ್ಲ ಇರುವುದು ಅಲ್ಲೇ. ಒಣಮೀನು, ಮುರುಗಲು ಸಿಪ್ಪೆ, ಉಪ್ಪು, ಬೆಂಕಿಪೊಟ್ಟಣ. ಸೊಸೆಯ ಗುಳಿಗೆ ತಂಡಿಗೆ ಹಾಳಾಗಬಾರದೆಂದು ಅತ್ತೆ ಮೊದಲ ದಿನವೇ ಬಾಟಲಿಯನ್ನು ಆ ಹಲಗೆಯ ಮೇಲೆ ಇಟ್ಟಿದ್ದಳು. ಮಳೆ ಹೋದ ಮೇಲೂ, ಆಮೇಲೆ ತಂದ ಬಾಟಲಿಗಳಿಗೂ, ಜಾಗ ಅದೇ. ಭತ್ತ ಬೇಯಿಸುವ ದಿನ ಆ ಹಲಗೆಗೆ ಕೈ ಇಟ್ಟರೆ ಸುಡುತ್ತದೆ. ಬಿಸಿಗೆ ಈ ಗುಳಿಗೆಯ ಸತ್ವ ಹೋಗುತ್ತದೆ ಎಂದರು ಡಾಕ್ಟರಮ್ಮ. ಸತ್ವ ಹೋದ ಗುಳಿಗೆ ಹಿಡಿಯಲಿಲ್ಲವೆಂದು ಕಾರವಾರದವರು ಬಲ ಏರಿಸುತ್ತಲೇ ಹೋಗಿದ್ದರು. ಒಂದು ಹಲಗೆಯ ದೆಸೆಯಿಂದ ನಾನು ಅಷ್ಟು ಏಟು ತಿಂದೆನೇ! ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅವ್ವ ಸೆರಗಿನಿಂದ ಮುಖ ಮುಚ್ಚಿಕೊಳ್ಳುವಷ್ಟು ಕೆಟ್ಟ ಬೈಗುಳ ಬೈದೆ. ಯಾರನ್ನು ಎಂದು ನನಗೇ ಗೊತ್ತಿರಲಿಲ್ಲ.

ಬಲ ಇಳಿಸಿದರು. ಕೊಯ್ಲಿನ ಹೊತ್ತಿಗೆ ರಿಪೋರ್ಟು ನಾರ್ಮಲ್ ಬಂತು. ಎದೆಯ ಡಬಡಬ, ನಡುಕ ಎಲ್ಲ ನಿಂತವು. ಆ ರಿಪೋರ್ಟು ಹಿಡಿದುಕೊಂಡು, ಅವ್ವ ಬೇಡವೆಂದರೂ ಕೇಳದೆ, ಅಮದಳ್ಳಿಗೆ ಮರಳಿದೆ. ಸಂಗತಿ ಕೇಳಿದ ಅತ್ತೆ ಅಡುಗೆಮನೆಯಲ್ಲೇ ಕುಸಿದು ಕೂತು ಅತ್ತಳು. ಗಂಡ ಕಾಗದ ತಿರುಗಿಸಿ ನೋಡಿ "ಹೂಂ, ಸಮಾ ಆಯ್ತಲ್ಲ" ಎಂದ, ಅಷ್ಟೇ. ನಾನು ಕೊಡದ ಮೇಲೆ ಕೊಡ ನೀರು ಸೇದಿದೆ. ಗದ್ದೆಗೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಒಲೆಯ ಮೇಲೆ ಬಂಗಡೆ ಸಾರು ಕುದಿಯುತ್ತಿತ್ತು. ಅವನು ಕೈ ಎತ್ತಲಿಲ್ಲ. ಗೆದ್ದೆ ಅಂದುಕೊಂಡೆ.

ಒಂದು ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತು. ಅತ್ತೆಯೊಡನೆ ಮಾತಾಡುತ್ತ ಎರಡು ಸಲ ಹಾಕಿದ್ದೆ. ಯಾರ ಕೈಯಲ್ಲೂ ಆಗುವಂಥದ್ದು. ಅವನು ತಟ್ಟೆ ಎತ್ತಿ ನನ್ನ ಮುಖಕ್ಕೆ ಎಸೆದ. ಬಿಸಿ ಸಾರು ಕಣ್ಣಿಗೆ ಹೋಯಿತು. ಕಣ್ಣು ಕಾಣದೆ ತಡಕಾಡುತ್ತಿದ್ದವಳ ಬೆನ್ನಿಗೆ ಒದ್ದ. ನೆಲದ ಮೇಲೆ ಬಿದ್ದಲ್ಲೇ ನನಗೆ ಎಲ್ಲ ತಿಳಿಯಿತು. ನನ್ನ ಕಾಯಿಲೆಗೂ ಈ ಒದೆತಕ್ಕೂ ಸಂಬಂಧವೇ ಉಳಿದಿರಲಿಲ್ಲ. ಅವನಿಗೆ ಹೊಡೆಯುವುದು ರೂಢಿಯಾಗಿತ್ತು, ರುಚಿಯೂ ಹತ್ತಿತ್ತು. ಅದು ನಿಲ್ಲಲೆಂದು ನಾನು ಹುಚ್ಚಿಯ ಹಾಗೆ ನನಗೆ ಔಷಧಿ ಹುಡುಕಿಕೊಂಡು ಅಲೆದಿದ್ದೆ.

ಅವನು ಮತ್ತೆ ಕೈ ಎತ್ತಿದ. ಒಲೆಯ ಪಕ್ಕದ ಸೌದೆ ನನ್ನ ಕೈಗೆ ಸಿಕ್ಕಿತು. ಎದ್ದು ನಿಂತು, ಎತ್ತಿದ ಆ ಕೈಗೇ ಗುರಿಯಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ಬೀಸಿದೆ. ಮೂಳೆ ಮುರಿದದ್ದು ಕಿವಿಗೆ ಕೇಳಿತು. ಇನ್ನೊಂದು ಏಟು ಭುಜಕ್ಕೆ ಹಾಕಿದೆ. ಮೂರನೆಯದಕ್ಕೆ ಅತ್ತೆ ಹಿಂದಿನಿಂದ ನನ್ನ ಸೊಂಟ ತಬ್ಬಿ ಹಿಡಿದಳು, ಇಲ್ಲದಿದ್ದರೆ ಅದು ತಲೆಗೇ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ನಾನೂ ಅತ್ತೆಯೂ ಅವನನ್ನು ಕಾರವಾರದ ಎಲುಬಿನ ಡಾಕ್ಟರ ಮುಂದೆ ಕೂರಿಸಿದೆವು. ಹೇಗಾಯಿತು ಎಂದು ಅವರು ಕೇಳಿದರು.

"ಬಂದರದಲ್ಲಿ ಜಾರಿಬಿದ್ದೆ" ಎಂದ ಅವನು, ನೆಲ ನೋಡುತ್ತ.

"ಜಾರೂದೆಂತಾ?" ಎಂದೆ ನಾನು. "ಅವ ನಂಗೆ ಹೊಡ್ದ, ನಾ ಅವಂಗೆ ಹೊಡ್ದೆ. ಹಂಗೇಯಾ ಬರ್ಕಳಿ."

ಡಾಕ್ಟರು ನನ್ನ ಸುಟ್ಟ ಮುಖವನ್ನು ನೋಡಿ ಪೆನ್ನು ತೆಗೆದರು. ಅವರು ಬರೆದು ಮುಗಿಸುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಅಂಕೋಲೆಯ ಬಸ್ಸು ಹತ್ತಿದೆ.